ರತ್ನಾಜಿಯ ಪ್ರಸಂಗ: ಕುಮಾರರಾಮನ ಐತಿಹ್ಯ ಮತ್ತು ಕಿಶೋರ ಕಾದಂಬರಿಯ ಓದು

14ನೆಯ ಶತಮಾನದ ಆರಂಭದಲ್ಲಿ ಸೇವುಣರ ಪಕ್ಷದ ದಂಡನಾಯಕನಾಗಿದ್ದ ಕಂಪಿಲದೇವನು ಹೊಳಲ್ಕೆರೆಯವರೆಗೆ ದಂಡೆತ್ತಿ ಬಂದನು. ಆಗ ಬೆಮ್ಮತ್ತನಕಲ್ಲು ಎಂದು ಹೆಸರಾಗಿದ್ದ ಇಂದಿನ ಚಿತ್ರದುರ್ಗವು ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ಅಧೀನದಲ್ಲಿತ್ತು. ಅಲ್ಲಿ ಅಧಿಕಾರದಲ್ಲಿದ್ದ, ದೊರೆಯ ಮೈದುನನಾದ ಸೋಮೆಯ ದಂಡನಾಯಕನು ಕಂಪಿಲನನ್ನು ಎದುರಿಸಿ ಕಾದಿ ಮಡಿದ ಸಂಗತಿಯನ್ನು ಶಾಸನ ದಾಖಲಿಸಿದೆ. ಈ ಕಂಪಿಲನೇ ಗಂಡುಗಲಿ ಕುಮಾರರಾಮನ ತಂದೆ. ಕುಮಾರರಾಮನ ಕಥೆಯನ್ನು ಕಂಪಿಲಿ, ಕುಮ್ಮಟ, ಹೊಸಮಲೆದುರ್ಗಗಳ ಕಥೆಯೆಂದು, ತುಂಗಭದ್ರೆಯ ದಂಡೆಯದೆಂದು ಗಣಿಸುವುದೇ ವಾಡಿಕೆ. ಆದರೆ ಅದರ ಒಂದು ಅಂಚು ಹೊಳಲ್ಕೆರೆಯ ಬಯಲನ್ನು ಮುಟ್ಟಿದೆ ಎಂಬುದನ್ನು ಮರೆಯುವಂತಿಲ್ಲ. ಮಗನನ್ನು ದೈವವಾಗಿಸಿದ ನಾಡಿನಲ್ಲಿಯೇ ತಂದೆಯು ಹಗೆಯಾಗಿ ಬಂದುಹೋದ ಗುರುತೂ ಉಳಿದಿದೆ.

ಇಂತಹ ಮಧ್ಯಕಾಲೀನ ಐತಿಹ್ಯವೊಂದು ಹನ್ನೆರಡರಿಂದ ಹದಿನೇಳು ವರ್ಷದ ಓದುಗರ ಕೈಗೆ ಅದ್ಭುತರಮ್ಯ ಕಾದಂಬರಿಯ ರೂಪದಲ್ಲಿ ಬಂದಾಗ ಅದನ್ನು ಓದುವ ಬಗೆ ಯಾವುದು ಎಂಬುದು ಇಲ್ಲಿನ ಪ್ರಶ್ನೆ. ಕನ್ನಡದ ಮಕ್ಕಳ ಸಾಹಿತ್ಯವು ಐತಿಹ್ಯಗಳನ್ನು ಬಹುಮಟ್ಟಿಗೆ ಸಂಕ್ಷಿಪ್ತ ಜೀವನ ಚರಿತ್ರೆ, ಚಿತ್ರಕಥೆ, ನೀತಿಕಥೆಗಳ ಮೂಲಕವೇ ಕೊಟ್ಟಿದೆ. ಬಾಲ್ಯ ದಾಟಿದ, ಪ್ರೌಢತೆಗೆ ಕಾಲಿಡದ ವಯಸ್ಸಿನವರಿಗೆಂದೇ ಐತಿಹ್ಯವನ್ನು ಮರುಕಟ್ಟುವ ಕಾದಂಬರಿಯು ನಮ್ಮಲ್ಲಿ ವಿರಳ. ಆ ವಯಸ್ಸಿನ ಓದುಗರು ಸಿಕ್ಕಿದ್ದನ್ನೇ ಓದಿ ಬೆಳೆದರು. ತಳುಕಿನ ಮನೆತನದ ತ.ರಾ. ಸುಬ್ಬರಾಯರು (1920-1984) ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ‘ದುರ್ಗಾಸ್ತಮಾನ’ದವರೆಗೆ ಬರೆದ ದುರ್ಗದ ಕಾದಂಬರಿಗಳು ಕಿಶೋರರಿಗಾಗಿ ಬರೆದವಲ್ಲ. ಆದರೂ ಪ್ರೌಢಶಾಲೆಯ ವಯಸ್ಸಿನಲ್ಲಿಯೇ ಅವನ್ನು ಓದಿ ಮುಗಿಸಿದವರ ಸಂಖ್ಯೆ ದೊಡ್ಡದು. ಅರಮನೆಯ ಒಳಸಂಚು, ದಾಯಾದಿ ಮತ್ಸರ, ರಕ್ತಪಾತಗಳನ್ನು ಆ ಓದುಗರು ಅರಗಿಸಿಕೊಂಡರು. ಎಳೆಯರಿಗೆ ಎಷ್ಟನ್ನು ಹೇಳಬೇಕು, ಎಷ್ಟನ್ನು ಮರೆಮಾಚಬೇಕು ಎಂಬ ಹಿರಿಯರ ಆತಂಕಕ್ಕೆ ಈ ಓದಿನ ಇತಿಹಾಸವೇ ಒಂದು ಬಗೆಯ ಉತ್ತರವಾಗಿದೆ.

ಎಲ್ಲ ಐತಿಹ್ಯಗಳೂ ಈ ಆತಂಕವನ್ನು ಹುಟ್ಟಿಸುವುದಿಲ್ಲ. ಚಿತ್ರದುರ್ಗದ ಪಾಳೆಯಗಾರ ಮನೆತನದ ಮೂಲಪುರುಷ ತಿಮ್ಮಣ್ಣನಾಯಕನು ರಾತ್ರಿಯಲ್ಲಿ ವಿಜಯನಗರದ ಪಾಳೆಯಕ್ಕೆ ನುಸುಳಿ ಕುದುರೆಯನ್ನು ಕದ್ದ ಕಥೆ ಪ್ರಸಿದ್ಧವಾದುದು. ಸದ್ದಿಗೆ ಎಚ್ಚೆತ್ತ ಕುದುರೆಯಾಳು ಸಡಿಲಗೊಂಡ ಗೂಟವನ್ನು ಮತ್ತೆ ನೆಲಕ್ಕೆ ಬಡಿಯುತ್ತಾನೆ. ಹುಲ್ಲಿನಲ್ಲಿ ಅಡಗಿದ್ದ ನಾಯಕನ ಅಂಗೈಯನ್ನೇ ಅದು ತೂರಿಹೋಗುತ್ತದೆ. ನಾಯಕ ಉಸಿರೆತ್ತುವುದಿಲ್ಲ. ಆಳು ಮಲಗಿದ ಮೇಲೆ ತನ್ನ ಕೈಯನ್ನೇ ಕಡಿದುಕೊಂಡು ಕುದುರೆಯೊಡನೆ ಮರಳುತ್ತಾನೆ. ಈ ಕಥೆಯನ್ನು ಹತ್ತು ವರ್ಷದ ಹುಡುಗನಿಗೂ ಎಪ್ಪತ್ತರ ಮುದುಕನಿಗೂ ಒಂದೇ ರೀತಿಯಲ್ಲಿ ಹೇಳಬಹುದು. ಯಾವುದನ್ನೂ ಬಿಡಬೇಕಾಗಿಲ್ಲ, ಮೆದುಗೊಳಿಸಬೇಕಾಗಿಲ್ಲ. ಕುಮಾರರಾಮನ ಕಥೆಗೆ ಈ ಸೌಲಭ್ಯವಿಲ್ಲ.

ಚರಿತ್ರೆಗೆ ತಿಳಿದಿರುವುದು ಸ್ವಲ್ಪ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪನು ಓಡಿಬಂದು ಕಂಪಿಲನ ಆಶ್ರಯ ಪಡೆದನು. ಆಶ್ರಿತನನ್ನು ಒಪ್ಪಿಸಲು ಕಂಪಿಲನು ನಿರಾಕರಿಸಿದನು. 1327ರಲ್ಲಿ ಕಂಪಿಲಿ ರಾಜ್ಯ ನಾಶವಾಯಿತು. ಅರಮನೆಯ ಹೆಂಗಸರು ಅಗ್ನಿಪ್ರವೇಶ ಮಾಡಿದುದನ್ನೂ, ಅರಸನು ಕಾದಾಡಿ ಸತ್ತುದನ್ನೂ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಆಶ್ರಿತನನ್ನು ಕಂಪಿಲನು ಮೊದಲೇ ಬೇರೆ ಅರಸನಲ್ಲಿಗೆ ಕಳುಹಿಸಿಬಿಟ್ಟಿದ್ದನು. ಆ ಇನ್ನೊಬ್ಬ ಅರಸ, ಎಂದರೆ ಹೊಯ್ಸಳ ಬಲ್ಲಾಳ, ಅವನನ್ನು ಸುಲ್ತಾನನಿಗೆ ಒಪ್ಪಿಸಿದನು.

ಐತಿಹ್ಯವು ಬೇರೆ ಕಡೆಯಿಂದ ಪ್ರಾರಂಭವಾಗುತ್ತದೆ. 1525ರ ಸುಮಾರಿನಲ್ಲಿ ನಂಜುಂಡ ಕವಿಯು ‘ರಾಮನಾಥ ಚರಿತೆ’ಯನ್ನು ಸಾಂಗತ್ಯದಲ್ಲಿ ರಚಿಸಿದನು. ಅನಂತರ ಪಾಂಚಾಳಗಂಗ ಮೊದಲಾದವರು ಅದೇ ಕಥೆಯನ್ನು ಸಾಂಗತ್ಯಕ್ಕೆ ತಂದರು. ಜನಪದ ಹಾಡು, ಆಟಗಳಲ್ಲಿಯೂ ಅದು ಹರಡಿತು. ಈ ಪಾಠಗಳ ನಡುವೆ ವ್ಯತ್ಯಾಸಗಳಿದ್ದರೂ ಕಥೆಯ ಬೆನ್ನೆಲುಬು ಒಂದೇ. ಕಂಪಿಲನ ಕಿರಿಯ ರಾಣಿ ರತ್ನಾಜಿ. ಕೆಲವು ಪಾಠಗಳ ಪ್ರಕಾರ ಅವಳು ರಾಮನಿಗೆಂದು ಗೊತ್ತುಮಾಡಿದ ಕನ್ಯೆ; ಮುದಿ ಅರಸ ತಾನೇ ಮದುವೆಯಾದನು. ಒಮ್ಮೆ ತಂದೆ ಬೇಟೆಗೆ ಹೋಗಿದ್ದಾಗ ರಾಮನು ಗೆಳೆಯರೊಡನೆ ಚೆಂಡಾಡುತ್ತಾನೆ. ಚೆಂಡು ರತ್ನಾಜಿಯ ಅರಮನೆಗೆ ಬೀಳುತ್ತದೆ. ಚೆಂಡನ್ನು ತರಲು ಒಳಗೆ ಹೋದ ಮಲಮಗನನ್ನು ಅವಳು ಬಯಸುತ್ತಾಳೆ. ಪರನಾರೀ ಸಹೋದರನೆಂಬ ಬಿರುದಿನ ರಾಮನು ಒಲ್ಲದೆ ಹೊರಬರುತ್ತಾನೆ. ಬೇಟೆಯಿಂದ ಮರಳಿದ ಅರಸನೆದುರು ಅವಳು ಅವನ ಮೇಲೆಯೇ ಅಪವಾದ ಹೊರಿಸುತ್ತಾಳೆ. ವಿಚಾರಣೆಯಿಲ್ಲದೆ ತಲೆ ತರುವಂತೆ ಅರಸನ ಅಪ್ಪಣೆಯಾಗುತ್ತದೆ. ಮಂತ್ರಿ ಬೈಚಪ್ಪನು ರಾಮನನ್ನೂ ಅವನ ಸಂಗಡಿಗರನ್ನೂ ನೆಲಮಾಳಿಗೆಯಲ್ಲಿ ಅಡಗಿಸಿ ಬೇರೆ ತಲೆಗಳನ್ನು ತಂದೊಪ್ಪಿಸುತ್ತಾನೆ. ಮಗನಿಲ್ಲದ ಕೋಟೆಯನ್ನು ತುರುಕರ ದಂಡು ಮುತ್ತಿದಾಗ ಅರಸನು ಪಶ್ಚಾತ್ತಾಪ ಪಡುತ್ತಾನೆ. ಸತ್ತನೆಂದು ತಿಳಿದವನು ನೆಲದೊಳಗಿಂದ ಎದ್ದುಬಂದು ದಂಡನ್ನು ಹಿಮ್ಮೆಟ್ಟಿಸುತ್ತಾನೆ. ರತ್ನಾಜಿ ಪ್ರಾಣ ಕಳೆದುಕೊಳ್ಳುತ್ತಾಳೆ. ಕೊನೆಗೆ ಸುಲ್ತಾನನು ಮಾತಂಗಿ ಎಂಬ ಹೆಣ್ಣನ್ನು ದಂಡಿನ ಮುಖ್ಯಸ್ಥಳಾಗಿ ಕಳುಹಿಸುತ್ತಾನೆ. ಹೆಣ್ಣಿನ ಮೇಲೆ ಕೈಮಾಡಲಾರದ ವೀರನು ಬೀಳುತ್ತಾನೆ. ಅವನ ತಲೆ ದೆಹಲಿಗೆ ಹೋಗುತ್ತದೆ.

ಗಮನಿಸಬೇಕಾದುದೇನೆಂದರೆ, ಚರಿತ್ರೆಯಲ್ಲಿ ಕೇಂದ್ರವಾಗಿರುವ ಗುರ್ಷಾಸ್ಪನ ಆಶ್ರಯದ ಪ್ರಸಂಗವು ಐತಿಹ್ಯದಲ್ಲಿ ಬದಿಗೆ ಸರಿದಿದೆ. ಚರಿತ್ರೆ ಅರಿಯದ ರತ್ನಾಜಿಯು ಆ ಸ್ಥಾನವನ್ನು ಆಕ್ರಮಿಸಿದ್ದಾಳೆ. ಜನಮನಸ್ಸು ರಾಜ್ಯನಾಶದ ಕಾರಣವನ್ನು ದೆಹಲಿಯಲ್ಲಿ ಮಾತ್ರ ಹುಡುಕಲಿಲ್ಲ, ಮನೆಯೊಳಗೂ ಹುಡುಕಿತು. ಈ ಪ್ರವೃತ್ತಿ ಅಪರೂಪದ್ದೇನಲ್ಲ. ಹಿರಿಯೂರು, ಶಿರಾ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಗಣೆಯ ನಾದದೊಡನೆ ಬರುವ ಜುಂಜಪ್ಪನ ಕಾವ್ಯದಲ್ಲಿಯೂ ವೀರನಿಗೆ ಮುಳುವಾಗುವುದು ಸೋದರಮಾವಂದಿರ ಹಗೆ. ವೃತ್ತಿ ನಾಟಕ ಕಂಪನಿಗಳು ಆಡುತ್ತಿದ್ದ ಸಾರಂಗಧರನ ಕಥೆಯಲ್ಲಿ ಮಲತಾಯಿ ಚಿತ್ರಾಂಗಿ ಇದ್ದಾಳೆ. ಅಶೋಕನ ಮಗ ಕುಣಾಲ, ಗ್ರೀಕರ ಹಿಪ್ಪೊಲಿಟಸ್ ಇವರ ಕಥೆಗಳೂ ಇದೇ ಕುಲದವು.

ಕಿಶೋರರಿಗಾಗಿ ಮರುನಿರೂಪಿಸುವ ಲೇಖಕನು ಮೊದಲು ಕತ್ತರಿ ಹಾಕುವುದು ಈ ರತ್ನಾಜಿಯ ಪ್ರಸಂಗಕ್ಕೇ. ಮಲತಾಯಿಯ ಕಾಮವನ್ನು ಹುಡುಗರಿಗೆ ಹೇಗೆ ಹೇಳುವುದು ಎಂಬ ಸಂಕೋಚ ಅದಕ್ಕೆ ಕಾರಣ. ಸಂಕೋಚ ಸಹಜ, ಪರಿಣಾಮ ಮಾತ್ರ ಘೋರ. ಅದನ್ನು ತೆಗೆದ ಮೇಲೆ ನೆಲಮಾಳಿಗೆಗೆ ಕಾರಣವಿಲ್ಲ, ಬದಲಿ ತಲೆಗೆ ಅರ್ಥವಿಲ್ಲ, ಸತ್ತವನು ಎದ್ದುಬಂದ ಅದ್ಭುತಕ್ಕೆ ಆಧಾರವಿಲ್ಲ. ಪರನಾರೀ ಸಹೋದರನೆಂಬ ಬಿರುದು ಬರಿಯ ಪದವಾಗಿ ಉಳಿಯುತ್ತದೆ. ಮಾತಂಗಿಯ ಎದುರು ವೀರನು ಕೈಕಟ್ಟಿ ನಿಲ್ಲುವುದೂ ಒಗಟಾಗುತ್ತದೆ. ಅದ್ಭುತವು ಈ ಕಥೆಯಲ್ಲಿ ಅಲಂಕಾರವಲ್ಲ, ಮನೆಯೊಳಗಿನ ಅನ್ಯಾಯದಿಂದ ಹುಟ್ಟಿದ್ದು. ತೆರವಾದ ಜಾಗ ತೆರವಾಗಿಯೂ ಉಳಿಯುವುದಿಲ್ಲ. ಕಥೆಗೆ ಕೇಡಿಯೊಬ್ಬ ಬೇಕು. ತಂದೆಯ ದುಡುಕು, ರಾಣಿಯ ಅಪವಾದ ಎರಡೂ ಹೋದ ಮೇಲೆ ಉಳಿಯುವ ಏಕೈಕ ಕೇಡಿ ಹೊರಗಿನ ತುರುಕ. ಆಗ ಕಥೆ ಎರಡು ಮತಗಳ ಯುದ್ಧವಾಗಿ ಸಪಾಟಾಗುತ್ತದೆ. ಸುಲ್ತಾನನ ಮಗಳು ಬಾಬಮ್ಮನು ರಾಮನನ್ನು ಕಾಣದೆಯೇ ಒಲಿದಳೆಂಬ ಐತಿಹ್ಯದ ಇನ್ನೊಂದು ಎಳೆಗೂ ಅಲ್ಲಿ ಎಡೆಯಿರುವುದಿಲ್ಲ. ಎಳೆಯರನ್ನು ಕಾಮದಿಂದ ಕಾಪಾಡಹೋಗಿ ದ್ವೇಷವನ್ನು ಕೈಗಿಟ್ಟಂತಾಗುತ್ತದೆ ಎಂಬ ಮಾತು ಇಲ್ಲಿ ಉತ್ಪ್ರೇಕ್ಷೆಯಲ್ಲ.

ಇದೇ ಇಕ್ಕಟ್ಟನ್ನು ಬೇರೊಂದು ಸಾಹಿತ್ಯ ಹೇಗೆ ದಾಟಿತು ಎಂಬುದಕ್ಕೆ ಇಂಗ್ಲಿಷಿನ ಅಲನ್ ಗಾರ್ನರ್ 1967ರಲ್ಲಿ ಪ್ರಕಟಿಸಿದ ‘ದಿ ಔಲ್ ಸರ್ವಿಸ್’ ಕಾದಂಬರಿ ಉತ್ತಮ ನಿದರ್ಶನ. ಬ್ರಿಟನ್ನಿನ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕ ಇದಕ್ಕೆ ಸಂದಿದೆ. ಇದರ ಮೂಲ ‘ಮ್ಯಾಬಿನೋಗಿ’ ಎಂಬ ವೆಲ್ಷ್ ಕಥಾಚಕ್ರದ ನಾಲ್ಕನೆಯ ಶಾಖೆ. ಅದರ ಮುಖ್ಯ ಹಸ್ತಪ್ರತಿಗಳು ಸಿದ್ಧವಾದುದು ಕಂಪಿಲಿ ಬಿದ್ದ ಶತಮಾನದಲ್ಲಿಯೇ ಮತ್ತು ಅದರ ಆಸುಪಾಸಿನಲ್ಲಿ. ಮಾನವ ಕುಲದ ಹೆಂಡತಿ ದೊರೆಯಬಾರದೆಂಬ ಶಾಪಕ್ಕೆ ಗುರಿಯಾದ ಲ್ಲ್ಯೂ ಎಂಬ ವೀರನಿಗಾಗಿ ಮಾಂತ್ರಿಕರಿಬ್ಬರು ಹೂಗಳಿಂದ ಬ್ಲೊಡೆಯ್‌ವೆಥ್ ಎಂಬ ಹೆಣ್ಣನ್ನು ನಿರ್ಮಿಸುತ್ತಾರೆ. ಅವಳು ಗ್ರೊನು ಎಂಬುವನಿಗೆ ಒಲಿದು ಗಂಡನ ಕೊಲೆಗೆ ಸಂಚು ಹೂಡುತ್ತಾಳೆ. ಕೊನೆಗೆ ಗ್ರೊನು ಅಡ್ಡ ಹಿಡಿದ ಕಲ್ಲನ್ನೂ ತೂರಿಹೋದ ಈಟಿಗೆ ಬಲಿಯಾಗುತ್ತಾನೆ, ಅವಳು ಗೂಬೆಯಾಗುತ್ತಾಳೆ. ವ್ಯಭಿಚಾರ, ಕೊಲೆ, ಪ್ರತೀಕಾರಗಳ ಈ ಕಥೆಯೂ ಮೇಲ್ನೋಟಕ್ಕೆ ಮಕ್ಕಳ ಪುಸ್ತಕಕ್ಕೆ ಒಗ್ಗುವಂತಹುದಲ್ಲ.

ಗಾರ್ನರ್ ಅದನ್ನು ಕತ್ತರಿಸಲಿಲ್ಲ, ಮರೆಮಾಚಲೂ ಇಲ್ಲ. ತನ್ನ ಕಾಲದ ವೆಲ್ಷ್ ಕಣಿವೆಯೊಂದರಲ್ಲಿ ಮೂವರು ಹರೆಯದವರನ್ನು ನಿಲ್ಲಿಸಿದನು. ಆಲಿಸನ್ ಮತ್ತು ರಾಜರ್ ಮಲಸಂಬಂಧದ ಅಣ್ಣತಂಗಿಯರು. ಗ್ವಿನ್ ಅಡುಗೆಯವಳ ಮಗ. ಅಟ್ಟದಲ್ಲಿ ಹೂಬಳ್ಳಿಯ ಚಿತ್ರವಿರುವ ಊಟದ ತಟ್ಟೆಗಳು ಸಿಗುತ್ತವೆ. ಆಲಿಸನ್ ಆ ಚಿತ್ರವನ್ನು ಕಾಗದಕ್ಕೆ ಇಳಿಸಿ ಮಡಿಸಿದರೆ ಗೂಬೆಯಾಗುತ್ತದೆ. ತಟ್ಟೆಯ ಮೇಲಿನ ಚಿತ್ರ ಅಳಿಸಿಹೋಗುತ್ತದೆ. ಹಳೆಯ ತ್ರಿಕೋನವು ಪ್ರತಿ ತಲೆಮಾರಿನಲ್ಲಿಯೂ ಆ ಕಣಿವೆಯಲ್ಲಿ ಮರುಕಳಿಸುತ್ತ ಬಂದಿದೆ, ಈಗ ಈ ಮೂವರ ಸರದಿ. ಮೂಲದ ಕಾಮವು ಇಲ್ಲಿ ಹರೆಯದವರ ಅಸೂಯೆಯಾಗಿ, ವರ್ಗಭೇದದ ಅವಮಾನವಾಗಿ, ತಾಯಿಯ ಹಿಡಿತದ ಉಸಿರುಕಟ್ಟುವಿಕೆಯಾಗಿ ಮಾರ್ಪಟ್ಟಿದೆ. ಹದಿನಾಲ್ಕು ವರ್ಷದ ಓದುಗನಿಗೆ ಇವೆಲ್ಲ ಅಪರಿಚಿತವಲ್ಲ. ಗೂಬೆಯೆಂದು ಕಂಡರೆ ಕೊಲ್ಲುವ, ಹೂವೆಂದು ಕಂಡರೆ ಅರಳುವ ಶಕ್ತಿಯೊಂದನ್ನು ಕಾದಂಬರಿ ಆ ಮಕ್ಕಳ ಕೈಗೆ ಕೊಡುತ್ತದೆ. ಎಲ್ಲರಿಗಿಂತ ಹೆಚ್ಚು ಬಲ್ಲ ಗ್ವಿನ್ ನೊಂದ ಮನಸ್ಸಿನಿಂದ ಕಲ್ಲಾಗುತ್ತಾನೆ, ಕೊನೆಗೆ ಆಲಿಸನ್‌ಳನ್ನು ಉಳಿಸುವವನು ಅದುವರೆಗೆ ಅಪಹಾಸ್ಯ ಮಾಡುತ್ತಿದ್ದ ರಾಜರ್. ಸುಲಭದ ಪುಸ್ತಕವೇನಲ್ಲ, ಕೊನೆಯ ಪುಟಗಳನ್ನು ಪ್ರೌಢ ಓದುಗರೂ ಎರಡು ಸಲ ಓದಬೇಕಾಗುತ್ತದೆ.

ಗಾರ್ನರನ ಕಾದಂಬರಿಯ ಮುಖ್ಯ ಒಳನೋಟವು ರತ್ನಾಜಿಯ ಕಡೆಗೆ ಮತ್ತೆ ನೋಡುವಂತೆ ಮಾಡುತ್ತದೆ. ಹೂಗಳಿಂದಾದ ಹೆಣ್ಣನ್ನು ಯಾರೂ ಕೇಳಲಿಲ್ಲ. ಒಬ್ಬನಿಗಾಗಿ ಮಾಡಿದರು, ಅವನಿಗೇ ಕೊಟ್ಟರು. ರತ್ನಾಜಿಯನ್ನೂ ಯಾರೂ ಕೇಳಲಿಲ್ಲ. ಮಗನಿಗೆಂದು ಗೊತ್ತಾದವಳನ್ನು ತಂದೆ ಕೈಹಿಡಿದನೆಂಬ ಪಾಠವನ್ನು ಒಪ್ಪಿಕೊಂಡರೆ, ಚೆಂಡು ಬಿದ್ದ ದಿನದ ಅಪರಾಧಕ್ಕೆ ಹಿಂದೆಯೇ ಒಂದು ಅಪರಾಧ ನಡೆದಿದೆ; ಅದನ್ನು ಎಸಗಿದವನು ಸಿಂಹಾಸನದ ಮೇಲಿದ್ದಾನೆ. ಹಳೆಯ ಕಾವ್ಯಗಳು ಅವಳನ್ನು ಖಂಡಿಸುತ್ತವೆ, ನಿಜ. ಆದರೆ ಖಂಡಿಸುವ ಕಾವ್ಯವೇ ಅವಳ ಪರವಾದ ಸಾಕ್ಷ್ಯವನ್ನೂ ಉಳಿಸಿಕೊಂಡು ಬಂದಿದೆ. ಇದು ಐತಿಹ್ಯದ ಪ್ರಾಮಾಣಿಕತೆ. ಅವಳ ಸುಳ್ಳನ್ನು ಸುಳ್ಳೆಂದೇ ಹೇಳುತ್ತ, ಅವಳಿಗಾದ ಅನ್ಯಾಯವನ್ನೂ ಅನ್ಯಾಯವೆಂದೇ ಹೇಳುವ ಕಿಶೋರ ಕಾದಂಬರಿಯು ನಂಜುಂಡನಿಂದ ದೂರ ಸರಿದಂತಾಗುವುದಿಲ್ಲ.

ಆದುದರಿಂದ ಇಂತಹ ಮರುನಿರೂಪಣೆಯನ್ನು ಪರಿಶೀಲಿಸುವವರು ಕುದುರೆ ಬೊಲ್ಲನ ವರ್ಣನೆ ಎಷ್ಟು ರಮ್ಯ, ಯುದ್ಧ ಎಷ್ಟು ರೋಚಕ ಎಂಬುದಕ್ಕಿಂತ ಮೊದಲು ಚೆಂಡು ಯಾರ ಅಂಗಳಕ್ಕೆ ಬಿತ್ತು ಎಂದು ಹುಡುಕುವುದು ಮೇಲು. ಎರಡನೆಯದಾಗಿ ನೋಡಬೇಕಾದುದು ಬೈಚಪ್ಪನ ಬದಲಿ ತಲೆಗಳನ್ನು. ಆ ತಲೆಗಳೂ ಯಾರವೋ ಆಗಿದ್ದವು. ಕಾವ್ಯಗಳು ಇದನ್ನು ಬೇಗ ದಾಟಿಹೋಗುತ್ತವೆ. ಎಳೆಯ ಓದುಗರು ದಾಟಿಹೋಗಲಾರರು. ಒಳ್ಳೆಯ ಕಾದಂಬರಿಕಾರನಿಗೆ ಈ ಒಂದು ಪ್ರಶ್ನೆಯೇ ಒಂದು ಪುಸ್ತಕಕ್ಕೆ ಸಾಕಾಗುವಷ್ಟಿದೆ.

ತಲೆಯ ಆಶಯವು ಈ ಐತಿಹ್ಯದಲ್ಲಿ ಪುಸ್ತಕದೊಳಗೆ ಮಾತ್ರ ಉಳಿದಿಲ್ಲ. ಕುಮಾರರಾಮನನ್ನು ಮರದ ತಲೆಯ ರೂಪದಲ್ಲಿ ಪೂಜಿಸುವ ಪದ್ಧತಿ ಕರ್ನಾಟಕದ ಕೆಲವು ಗುಡಿಗಳಲ್ಲಿದೆ. ದೆಹಲಿಗೆ ಹೋದ ತಲೆ ಹೀಗೆ ಊರಿಗೆ ಮರಳಿದೆ. ಚರಿತ್ರೆಯಲ್ಲಿ ದೆಹಲಿಗೆ ಹೋದವರು ಮಾತ್ರ ಮರಳಲಿಲ್ಲ. ಕಂಪಿಲನ ಹನ್ನೊಂದು ಮಂದಿ ಗಂಡುಮಕ್ಕಳು ಸೆರೆಯಾದರೆಂದೂ, ಮತಾಂತರ ಹೊಂದಿ ಸುಲ್ತಾನನ ಅಮೀರರಾದರೆಂದೂ ಇಬ್ನ್ ಬತೂತ ಹೇಳುತ್ತಾನೆ. ಅವರಲ್ಲಿ ಮೂವರನ್ನು ಅವನೇ ಕಂಡಿದ್ದನು. ಅಬೂ ಮುಸ್ಲಿಂ ಎಂಬುವನು ಅವನಿಗೆ ಸ್ನೇಹಿತನೂ ಆಗಿದ್ದನು. ಕುಮ್ಮಟದ ಆ ರಾಜಕುಮಾರನಿಗೆ ದೆಹಲಿಯಲ್ಲಿ ವಹಿಸಿದ್ದ ಕೆಲಸ, ಸುಲ್ತಾನನು ಕುಡಿಯುವ ನೀರಿಗೆ ಮುದ್ರೆಯೊತ್ತುವ ಉಂಗುರವನ್ನು ಕಾಯುವುದು.