ಬಹುಮಾನ ಗಿಡಕ್ಕೋ, ಬೆಳೆಸಿದ ಕೈಗೋ?

ಪುಷ್ಪಪ್ರದರ್ಶನವೆಂಬುದು ನಮ್ಮ ಜನಕ್ಕೆ ಹೊಸತಲ್ಲ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ, ಮೈಸೂರಿನ ಕುಪ್ಪಣ್ಣ ಉದ್ಯಾನದಲ್ಲಿ ದಸರೆಗೂ ಹೂಗಳ ಜಾತ್ರೆಯೇ ನೆರೆಯುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ಸಂಸಾರ ಸಮೇತರಾಗಿ ಬಂದು ಕಣ್ತಣಿಯೆ ನೋಡಿ ಹೋಗುವವರೂ ಉಂಟು. ಆದರೆ ನೋಡುವ ಸಂತೋಷ ಬೇರೆ, ಸ್ಪರ್ಧೆಗೆ ಗಿಡವನ್ನು ಇಡುವ ಹೊಣೆ ಬೇರೆ. ಆರ್ಕಿಡ್ ಸ್ಪರ್ಧೆಗಳಲ್ಲಂತೂ ಹೂವಿನ ಚೆಲುವನ್ನು ಅಳೆಯುವ ಮೊದಲೇ ಒಂದು ಪ್ರಶ್ನೆ ಏಳುತ್ತದೆ: ಈ ಗಿಡ ಯಾರದು?

ಹಣ ಕೊಟ್ಟು ಕೊಂಡವರದು ಎಂದರೆ ಸಾಲದು. ಪ್ರದರ್ಶನದ ಹಿಂದಿನ ದಿನ ಅರಳಿದ ಕುಂಡವನ್ನು ಕೊಂಡು ತಂದವನೂ ಕಾನೂನಿನ ದೃಷ್ಟಿಯಲ್ಲಿ ಒಡೆಯನೇ ಸರಿ. ಆದರೆ ಅವನು ಕೊಂಡದ್ದು ಮತ್ತೊಬ್ಬರ ಶ್ರಮವನ್ನು. ಆದ್ದರಿಂದಲೇ ಹಲವು ಸಂಘಗಳು, ಗಿಡವು ಇಂತಿಷ್ಟು ತಿಂಗಳಿಂದ ಸ್ಪರ್ಧಿಯ ಆರೈಕೆಯಲ್ಲಿಯೇ ಇದ್ದಿರಬೇಕೆಂದು ನಿಯಮ ಮಾಡಿವೆ. ವ್ಯಾಪಾರಿಗಳಿಗೂ ಹವ್ಯಾಸಿಗಳಿಗೂ ಬೇರೆ ಬೇರೆ ವರ್ಗಗಳನ್ನು ಇಡುವುದೂ ಈ ನ್ಯಾಯಕ್ಕಾಗಿಯೇ.

ಅಮೆರಿಕದ ಆರ್ಕಿಡ್ ಸಂಘದ ಪದ್ಧತಿ ಇಲ್ಲಿ ಮನನೀಯವಾಗಿದೆ. ಅಲ್ಲಿ ಹೂವಿನ ಗುಣಕ್ಕೆ 100 ಅಂಕಗಳ ಪರೀಕ್ಷೆ; 75 ದಾಟಿದರೆ ಒಂದು ಪ್ರಶಸ್ತಿ, 80 ದಾಟಿದರೆ ಇನ್ನೊಂದು, 90 ದಾಟಿದರೆ ಅತ್ಯುನ್ನತವಾದದ್ದು. ಈ ಪ್ರಶಸ್ತಿಗಳು ಗಿಡಕ್ಕೆ ಅಂಟಿಕೊಂಡು ಬರುತ್ತವೆ. ಅದನ್ನು ಸೀಳಿ ಹಂಚಿದರೆ ಒಂದೊಂದು ಭಾಗವೂ ಅದೇ ಬಿರುದನ್ನು ಹೊರುತ್ತದೆ. ಆದರೆ ಸೊಂಪಾಗಿ ಬೆಳೆಸಿದ್ದಕ್ಕಾಗಿ ಕೊಡುವ ಪ್ರಶಸ್ತಿಯೊಂದಿದೆ. ಅದು ಗಿಡದ್ದಲ್ಲ, ಬೆಳೆಸಿದವರದು. ಗಿಡವನ್ನು ಮಾರಿದರೂ ಆ ಗೌರವವನ್ನು ಮಾರಲಾಗದು. ಒಡೆತನಕ್ಕೂ ಪಾಲನೆಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಪ್ರದರ್ಶನದ ಮರ್ಯಾದೆಗಳು

ತೀರ್ಪಿನ ವೇಳೆಯಲ್ಲಿ ಸ್ಪರ್ಧಿಯ ಹೆಸರಿನ ಚೀಟಿಯನ್ನು ಮುಚ್ಚಿಡುವುದು ವಾಡಿಕೆ. ತನ್ನದೇ ಗಿಡ ಎದುರಿಗೆ ಬಂದರೆ ತೀರ್ಪುಗಾರನು ಹಿಂದೆ ಸರಿಯಬೇಕು. ಸ್ಪರ್ಧಿಗಳು ಸುತ್ತ ಸುಳಿಯಬಾರದು. ತಮ್ಮ ಕುಂಡದ ಗುಣಗಾನ ಮಾಡಲಂತೂ ಕೂಡದು. ಗಿಡದ ಹೆಸರನ್ನು ತಪ್ಪಿಲ್ಲದೆ ಬರೆದಿಡಬೇಕು. ಸಂಕರ ತಳಿಗಳ ಹೆಸರುಗಳನ್ನು ಬ್ರಿಟನ್ನಿನ ರಾಯಲ್ ತೋಟಗಾರಿಕಾ ಸಂಘವು 1961ರಿಂದ ನೋಂದಾಯಿಸಿಕೊಂಡು ಬರುತ್ತಿರುವುದರಿಂದ, ಮನಬಂದ ಹೆಸರಿಗೆ ಅಲ್ಲಿ ಬೆಲೆಯಿಲ್ಲ. ಹುಳು ಹತ್ತಿದ ಗಿಡವನ್ನು ತಂದರೆ ಪಕ್ಕದವರ ಗಿಡಗಳಿಗೂ ಹಾನಿ. ಬಹುಮಾನ ಬರಲಿಲ್ಲವೆಂದು ಮುಕ್ತಾಯಕ್ಕೆ ಮುನ್ನವೇ ಕುಂಡವನ್ನು ಎತ್ತಿಕೊಂಡು ಹೋಗುವುದು ಸಭ್ಯತೆಯಲ್ಲ.

ನೋಡಲು ಬಂದವರಿಗೂ ಒಂದು ಮಾತು: ಮುಟ್ಟಬೇಡಿ. ಆರ್ಕಿಡ್ ಹೂವಿನ ಪರಾಗವು ಪುಡಿಯಾಗಿರದೆ ಪುಟ್ಟ ಮುದ್ದೆಯಾಗಿರುತ್ತದೆ. ಬೆರಳು ತಗುಲಿ ಅದು ಕಳಚಿದರೆ, ವಾರಗಟ್ಟಲೆ ನಿಲ್ಲಬೇಕಾದ ಹೂವು ಬೇಗನೆ ಬಾಡಿಬಿಡಬಹುದು. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ ಕರೆದುಕೊಂಡು ಹೋಗುವುದು ಲೇಸು.

ಕಾಡಿನ ಹೂವು ಯಾರದು?

ನಮ್ಮ ಸೀಮೆಯವರಿಗೆ ಒಡೆತನದ ಪ್ರಶ್ನೆ ಇನ್ನೂ ಹತ್ತಿರದ್ದು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟವನ್ನೇರಿದರೆ, ಮುಂಗಾರು ಮೊದಲಾಗುವ ದಿನಗಳಲ್ಲಿ ಮರದ ಕೊಂಬೆಗಳಿಂದ ಸೀತಾಳೆ ದಂಡೆ ಇಳಿಬಿದ್ದಿರುವುದನ್ನು ಕಾಣಬಹುದು. ಬಿಳುಪಿನ ಮೇಲೆ ನಸುಗೆಂಪು ಚುಕ್ಕೆಗಳ ಆ ಹೂಗೊಂಚಲು ಹೆರಳಿಗೆ ಮುಡಿಯುವ ದಂಡೆಯಂತೆಯೇ ಇದೆ. ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ನೃತ್ಯಕ್ಕೆ ಮುಡಿಯುವುದೂ ಇದನ್ನೇ. ಅದು ಆ ರಾಜ್ಯದ ಪುಷ್ಪ. ನೆಲ್ಲಿಮರದ ರಸ ಹೀರುವ ಬದನಿಕೆಯನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಸೀತಾಳೆ ದಂಡೆ ಅಂಥ ಕಳ್ಳನಲ್ಲ. ಮರದಿಂದ ಬೇಡುವುದು ನಿಲ್ಲಲು ನೆಲೆಯನ್ನು ಮಾತ್ರ.

ಇದನ್ನು ಕಿತ್ತು ತಂದು ಕುಂಡದಲ್ಲಿಟ್ಟರೆ ಬಹುಮಾನ ಬಾರದೆ? ಎಂಬ ಆಸೆ ಮೂಡುವುದು ಸಹಜ. ಆದರೆ ಬಿಳಿಗಿರಿರಂಗನ ಬೆಟ್ಟ 1974ರಿಂದ ವನ್ಯಧಾಮ, 2011ರಿಂದ ಹುಲಿ ಮೀಸಲು ಪ್ರದೇಶ. ಹನೂರಿನ ಕಡೆಯ ಮಲೆ ಮಹದೇಶ್ವರ ಬೆಟ್ಟ 2013ರಿಂದ ವನ್ಯಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಲ್ಲಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ತೊಗಟೆಗೆ ಕಚ್ಚಿದ ಬೇರು ಹರಿದರೆ ಗಿಡ ಉಳಿಯುವುದೂ ಸಂದೇಹ. ಧೂಳಿನಂಥ ಅದರ ಬೀಜ ಕಾಡಿನಲ್ಲಿ ಮೊಳೆಯಲು ಒಂದು ಬಗೆಯ ಶಿಲೀಂಧ್ರದ ನೆರವು ಬೇಕು. ಮೊಳೆತದ್ದು ಹೂ ಬಿಡಲು ವರ್ಷಗಳೇ ಬೇಕು. ಅದೇ ಬೆಟ್ಟದ ಸೋಲಿಗರಿಗೆ 2011ರಲ್ಲಿ ದೊರೆತ ಸಾಮುದಾಯಿಕ ಅರಣ್ಯ ಹಕ್ಕಿನಲ್ಲಿಯೂ ಕಾಡನ್ನು ಕಾಪಾಡುವ ಹೊಣೆ ಸೇರಿದೆ. ಹೊಣೆಯಿಲ್ಲದ ಹಕ್ಕು ಅವರಿಗೂ ಇಲ್ಲ. ಒಂದು ಹಗಲು ಬಂದು ಹೋಗುವ ನಮಗೆ ಎಲ್ಲಿಯದು?

ಹವ್ಯಾಸವುಳ್ಳವರು ನಿರಾಶರಾಗಬೇಕಿಲ್ಲ. ನರ್ಸರಿಯಲ್ಲಿ ಬೆಳೆಸಿದ ಡೆಂಡ್ರೋಬಿಯಂ ಸಂಕರ ತಳಿಗಳು ಕೊಳ್ಳೇಗಾಲದಂಥ ಬಿಸಿಲೂರಿನಲ್ಲಿಯೂ ಅರೆನೆರಳು ಕೊಟ್ಟರೆ ಬಾಳುತ್ತವೆ. ತೂತುಗಳಿರುವ ಮಣ್ಣಿನ ಕುಂಡ, ಇದ್ದಲು ಮತ್ತು ಇಟ್ಟಿಗೆಯ ಚೂರು, ಬೆಳಗಿನ ನೀರು, ಗಾಳಿಯಾಡುವ ಜಗುಲಿ - ಇಷ್ಟಿದ್ದರೆ ಆರಂಭಕ್ಕೆ ಸಾಕು. ಕೊಂಡ ರಸೀದಿಯನ್ನೂ ತಂದ ತಾರೀಖನ್ನೂ ಜೋಪಾನವಾಗಿಡಿ. ನಾಳೆ ಸ್ಪರ್ಧೆಯಲ್ಲಿ ಅವೇ ನಿಮ್ಮ ಸಾಕ್ಷಿ. ಮೊದಲ ವರ್ಷ ಹೂ ಕಡಿಮೆಯಾದರೂ ಚಿಂತೆಯಿಲ್ಲ. ಮನೆಯವರೆಲ್ಲ ಸರದಿಯಂತೆ ನೀರೆರೆದ ಗಿಡ ಅರಳಿದ ದಿನ, ಅದು ಯಾರದೆಂದು ಯಾರೂ ಕೇಳಬೇಕಾಗುವುದಿಲ್ಲ.