ನಿತ್ಕಂಡ್ ಕಾಣಿ

ಕುಂದಾಪುರದ ಕೋಡಿಯಲ್ಲಿ ನಿಂತರೆ ಎದುರಿಗೇ ಗಂಗೊಳ್ಳಿ. ದಾಟಿಬಿಡಬಹುದು ಅನ್ನಿಸುವಷ್ಟು ಹತ್ತಿರ. ರಸ್ತೆ ಹಿಡಿದರೆ ಮಾತ್ರ ಹೆಮ್ಮಾಡಿ, ತ್ರಾಸಿ ಎಂದು ಸುತ್ತಿಯೇ ಬರಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಕೂಡಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುವ ಅಳಿವೆ ಇವೆರಡರ ನಡುವೆ. ನಾನು ಸುತ್ತಿ ಬಂದದ್ದು ದೋಣಿ ನೋಡಲು. ಮುಂಬೈಯ ಹೋಟೆಲು ಬಿಟ್ಟು ಊರಿಗೆ ಮರಳಿರುವ ಭಾವನಿಗೆ ಹೊಳೆಬದಿಯಲ್ಲಿ ಮನೆಯಿದೆ, ಬೀಸುಬಲೆಯಿದೆ, ದೋಣಿಯಿಲ್ಲ. ‘ಅಲ್ಲಾಡಬಾರದು’ ಎಂಬುದೊಂದೇ ಅವರ ಷರತ್ತು.

ಇಳಿತದ ಹೊತ್ತು. ಹುಣ್ಣಿಮೆ, ಅಮಾವಾಸ್ಯೆಗೂ ನಮ್ಮಲ್ಲಿ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಆದರೆ ಮೊದಲೇ ಆಳವಿಲ್ಲದ ಕಡೆ ಅಷ್ಟು ನೀರು ಹೋದರೆ ಉಳಿಯುವುದು ಮೊಣಕಾಲುದ್ದ. ಮರಳುದಿಬ್ಬಗಳು ಬೆನ್ನು ತೋರಿಸಿದ್ದವು.

ತೆಂಗಿನ ಬುಡದಲ್ಲಿ ಮೊದಲು ಕಂಡದ್ದು ಮಾವಿನ ಬೊಡ್ಡೆ ಕೊರೆದು ಮಾಡಿದ ಹಳೆಯ ಪಾತಿದೋಣಿ. ಕಿರಿದು, ಉದ್ದ. ಇಂಥದಕ್ಕೆ ಮಗ್ಗುಲಿಂದ ಎರಡು ಗಳ ಚಾಚಿ, ತುದಿಗೊಂದು ಹಗುರ ಮರದ ದಿಂಡು ಕಟ್ಟಿದರೆ ಚೆನ್ನಾಗಿ ನಿಲ್ಲುತ್ತದೆ. ಆದರೆ ಬಲೆಯ ಕೆಲಸವೆಲ್ಲ ಇನ್ನೊಂದು ಮಗ್ಗುಲಿಗೇ. ಕಾಂಡ್ಲಾ ಬೇರುಗಳ ನಡುವಿನ ಸಣ್ಣ ತೋಡಿಗೆ ನುಗ್ಗಿದರೆ ದಿಂಡು ಸಿಕ್ಕಿಕೊಳ್ಳುತ್ತದೆ. ಭಾವ ಏಡಿ ಹುಡುಕಿ ಹೋಗುವುದೋ ಅಲ್ಲಿಗೇ.

ಶೆಡ್ಡಿನೊಳಗೆ ರಾಳದ ಘಾಟು. ಅಚ್ಚಿನ ಮೇಲೆ ಗಾಜುನಾರಿನ ಹಾಸು ಹರವಿ, ರಾಳ ಬಳಿದು, ಮತ್ತೆ ಹಾಸು: ಫೈಬರ್ ದೋಣಿ ಹುಟ್ಟುವುದು ಹೀಗೆ. ಮೇಸ್ತ್ರಿ ಕೈ ಒರೆಸಿಕೊಂಡು, “ಎಂತಕ್ಕ್ ಮಾರ್ರೆ ದೋಣಿ?” ಎಂದರು. ಹೇಳಿದೆ. ನೀರಲ್ಲಿ ಕಟ್ಟಿದ್ದ ಎರಡನ್ನು ತೋರಿಸಿ, “ಹತ್ತಿ ನಿತ್ಕಂಡ್ ಕಾಣಿ.”

ಮೊದಲನೆಯದು ಚಪ್ಪಟೆ ತಳದ್ದು. ಜಗಲಿಯ ಮೇಲೆ ನಿಂತ ಹಾಗಿತ್ತು, ಅಂಚಿಗೆ ಸರಿದರೂ ಹೆಚ್ಚು ವಾಲಲಿಲ್ಲ. ಇದೇ ಸಾಕಲ್ಲ ಅಂದುಕೊಂಡೆ. ಎರಡನೆಯದರ ತಳ ನಡುವೆ ಚೂಪಾಗಿ ಇಳಿದಿತ್ತು. ಕಾಲಿಟ್ಟದ್ದೇ ತೂಗಿತು. ನಾನು ಹೆದರಿ ಕುಳಿತೆ.

“ಹೊಳಿಯಂಗ್ ಮಾತ್ರವಾ, ಅಳಿವೆ ದಾಂಟಿ ಹೋಯ್ಕಾ?”

ಈ ಪ್ರಶ್ನೆಯನ್ನು ನಾನು ಭಾವನಿಗೆ ಕೇಳಿರಲೇ ಇಲ್ಲ. ಚಪ್ಪಟೆ ತಳ ನೀರಿನ ಮೈಯನ್ನೇ ಅನುಸರಿಸುತ್ತದೆ. ಹೊಳೆ ಸಮತಟ್ಟಾಗಿದ್ದರೆ ದೋಣಿಯೂ ಸಮ, ಅಲೆ ಬಂದು ನೀರೇ ಓರೆಯಾದರೆ ದೋಣಿಯೂ ಓರೆ. ಚೂಪು ತಳದ್ದು ಮೊದಲು ವಾಲುತ್ತದೆ, ಮತ್ತೆ ಉಬ್ಬಿದ ಪಕ್ಕೆ ನೀರಿಗೆ ತಾಗಿದ್ದೇ ತಡೆದು ನಿಲ್ಲುತ್ತದೆ. “ಅದ್ ಅಲ್ಲಾಡತ್ತ್, ಆದ್ರೆ ಬೇಗ ಮಗ್ಚುದಿಲ್ಲೆ,” ಎಂದರು ಮೇಸ್ತ್ರಿ.

ಆಮೇಲೆ ಅವರು ಮಾಡಿದ್ದು ನನಗೆ ಇನ್ನೂ ಮರೆತಿಲ್ಲ. ಚಪ್ಪಟೆ ದೋಣಿಗೆ ನಾಲ್ಕು ಕೊಡಪಾನ ನೀರು ಸುರಿದು, ಪಕ್ಕಕ್ಕೆ ಸರಿಯಲು ಹೇಳಿದರು. ಸರಿದೆ. ಒಳಗಿನ ನೀರೂ ನನ್ನ ಹಿಂದೆಯೇ ಅದೇ ಬದಿಗೆ ಓಡಿ ಬಂತು. ಆಗಷ್ಟೇ ಜಗಲಿಯಂತಿದ್ದ ದೋಣಿ ಅಂಚು ಮುಳುಗುವಷ್ಟು ಬಾಗಿತು. ನೀರು ಮೊಗೆಯುವ ಡಬ್ಬ ಇಲ್ಲದ ದೋಣಿ ಹತ್ತಬಾರದೆಂದು ಹಳಬರು ಬೈಯುತ್ತಿದ್ದುದು ಸುಮ್ಮನೆ ಅಲ್ಲ.

ಎಂಜಿನ್ ಮಾತು ಬೇಗ ಮುಗಿಯಿತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದರೂ 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗೆ ಅಡ್ಡಿಯಿಲ್ಲ. ಅದಕ್ಕಿಂತ ಭಾರದ್ದು ಹಿಂಬದಿಗೆ ತೂಗುಹಾಕಿದರೆ ಸಣ್ಣ ದೋಣಿಯ ಮೂತಿ ಮೇಲೇಳುತ್ತದೆ. ದಿಬ್ಬ ಬಂದಾಗ ಎಂಜಿನನ್ನು ಕೈಯಲ್ಲೇ ಎತ್ತಿ ಬಾಗಿಸುವಂತಿರಬೇಕು, ಗಿಡ್ಡ ಕಾಲಿನದಾದರೆ ಉತ್ತಮ.

ಅಲ್ಲಿಂದಲೇ ಭಾವನಿಗೆ ಫೋನು ಮಾಡಿದೆ. “ಹೊಳೆ ಮಾತ್ರ,” ಎಂದರು. ಸ್ವಲ್ಪ ತಡೆದು, “ಕಡಲು ತಣ್ಣಗಿದ್ದ ದಿನ ಅಳಿವೆ ತನಕ.” ಮೇಸ್ತ್ರಿ ನಕ್ಕರು. ಎಲ್ಲರೂ ಹೀಗೇ ಹೇಳುತ್ತಾರಂತೆ.

ಮುಂಗಡ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಹತ್ತುವವರೇ ಬರಲಿ, ಬಲೆ ಸಮೇತ, ನಿಂತು ಬೀಸಿ ನೋಡಲಿ ಎಂದು ಹೇಳಿ ಮತ್ತೆ ಅಚ್ಚಿನ ಕಡೆ ತಿರುಗಿದರು.