ಯಂತ್ರಕ್ಕೆ ಮೊದಲು ಗುರಿ: ಸಣ್ಣ ಕೈಗಾರಿಕೆಯ ತಂತ್ರಜ್ಞಾನದ ಹಣ ಎಲ್ಲಿಗೆ ಹೋಗಬೇಕು?

ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಕೆಂಗೇರಿ ದಾಟಿದರೆ ಕುಂಬಳಗೋಡು. ಪಶ್ಚಿಮ ಬೆಂಗಳೂರಿನ ಈ ಉದ್ದಕ್ಕೂ ಲೇತು, ಮಿಲ್ಲಿಂಗ್, ಪ್ರೆಸ್, ಪ್ಲೇಟಿಂಗ್ ಕೆಲಸದ ಶೆಡ್ಡುಗಳಿವೆ. ಇವುಗಳ ಮಾಲೀಕರ ಬಳಿಗೆ ಇಂದು ಬರುವ ಮಾರಾಟಗಾರರಿಗೆ ಕೊರತೆಯಿಲ್ಲ. ಒಬ್ಬರು ಹೊಸ ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್) ಯಂತ್ರ ತೋರಿಸುತ್ತಾರೆ, ಇನ್ನೊಬ್ಬರು ಇಆರ್‌ಪಿ ಸಾಫ್ಟ್‌ವೇರ್, ಮತ್ತೊಬ್ಬರು ಯಂತ್ರಕ್ಕೆ ಸೆನ್ಸರ್ ಕೂರಿಸಿ ಮೊಬೈಲಿನಲ್ಲಿ ಉತ್ಪಾದನೆ ತೋರಿಸುವ ಆ್ಯಪ್. ಎಲ್ಲವೂ ಒಳ್ಳೆಯವೇ. ಆದರೆ ನಮ್ಮ ವ್ಯಾಪಾರಕ್ಕೆ ಮೊದಲು ಬೇಕಾದದ್ದು ಯಾವುದು ಎಂಬ ಪ್ರಶ್ನೆಗೆ ಮಾರಾಟಗಾರ ಉತ್ತರ ಕೊಡಲಾರ. ಅದನ್ನು ಮಾಲೀಕರೇ ಕಂಡುಕೊಳ್ಳಬೇಕು.

ದೊಡ್ಡ ಕಂಪನಿಗಳು ಇದಕ್ಕೆ ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎಂಬ ವಿಧಾನ ಬಳಸುತ್ತವೆ. ಐಬಿಎಂನಲ್ಲಿದ್ದ ಜಾನ್ ಝಾಕ್‌ಮನ್ 1987ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. 1995ರಲ್ಲಿ ‘ಟೋಗಾಫ್’ ಎಂಬ ಇನ್ನೊಂದು ಚೌಕಟ್ಟು ಬಂತು. ಇವುಗಳ ಪುಸ್ತಕಗಳು ದಪ್ಪ, ತಿರುಳು ಸರಳ. ಉದ್ಯಮವನ್ನು ನಾಲ್ಕು ಅಂತಸ್ತಾಗಿ ನೋಡಬೇಕು: ವ್ಯಾಪಾರ, ಮಾಹಿತಿ, ಸಾಫ್ಟ್‌ವೇರ್, ಯಂತ್ರೋಪಕರಣ. ನಿರ್ಧಾರ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ನಮ್ಮಲ್ಲಿ ಹೆಚ್ಚಾಗಿ ಆಗುವುದು ಇದರ ತಿರುಗುಮುರುಗು: ಮೊದಲು ಯಂತ್ರ ಬರುತ್ತದೆ, ಅದಕ್ಕೆ ಕೆಲಸ ಹುಡುಕುವುದು ಆಮೇಲೆ.

ಪಹಣಿ ಕಲಿಸಿದ ಪಾಠ

ಈ ಮಾತಿಗೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಯೋಗ ಕೇಂದ್ರದ ಹಣದಲ್ಲಿ 1991ರಲ್ಲೇ ಗುಲ್ಬರ್ಗದಲ್ಲಿ ಆರಂಭವಾಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ಪಹಣಿ ತಿದ್ದುವ ಕೆಲಸ ನಡೆಯುತ್ತಿದ್ದುದು ತಾಲ್ಲೂಕಿನಲ್ಲಿ. ಆ ಯೋಜನೆಗಳಲ್ಲಿ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಇಡುವ ಏರ್ಪಾಡೇ ಇರಲಿಲ್ಲ. ಯಂತ್ರ ಒಂದು ಕಡೆ, ಕೆಲಸ ಇನ್ನೊಂದು ಕಡೆ. ತುಂಬಿಸಿದ ಮಾಹಿತಿ ಹಳತಾಗುತ್ತ ಹೋಯಿತು. ರೈತನ ಅಲೆದಾಟ ತಪ್ಪಲಿಲ್ಲ.

ಮುಂದೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ‘ಭೂಮಿ’ ಯೋಜನೆ ಗುರಿಯನ್ನು ಮೊದಲು ನಿಗದಿ ಮಾಡಿಕೊಂಡಿತು: ರೈತನಿಗೆ ಪಹಣಿ ಯಾರ ಮರ್ಜಿಯೂ ಇಲ್ಲದೆ ಕೌಂಟರಿನಲ್ಲಿ ಸಿಗಬೇಕು. ಅದರಂತೆ 177 ತಾಲ್ಲೂಕುಗಳಲ್ಲಿ ಕೇಂದ್ರಗಳಾದವು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ಶುಲ್ಕ 15 ರೂಪಾಯಿ ಇತ್ತು. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ಕಟ್ಟುಪಾಡು ಬಂತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ವ್ಯವಸ್ಥೆಯೊಳಗೆ ಹೋಗಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಲಾಯಿತು. ನಿಯಮ, ಕೆಲಸದ ಕ್ರಮ, ಕಂಪ್ಯೂಟರ್ ಮೂರೂ ಒಟ್ಟಿಗೆ ಬದಲಾದವು. ಹಳೆಯ ದಾರಿಯೂ ತೆರೆದಿದ್ದರೆ ಜನ ಅದರಲ್ಲೇ ನಡೆಯುತ್ತಿದ್ದರು.

ಮುಂದೆ ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶವನ್ನು ಭೂಮಿಗೆ ಜೋಡಿಸಿದಾಗ ಇನ್ನೊಂದು ಲಾಭ ಕಂಡಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರವಾದರೆ ಮಾಹಿತಿ ಮ್ಯುಟೇಶನ್‌ಗೆ ತಾನಾಗಿ ಹೋಗತೊಡಗಿತು. ಎರಡು ಇಲಾಖೆಗಳಿಗೂ ಸರ್ವೆ ನಂಬರ್ ಒಂದೇ ಆದದ್ದರಿಂದ ಇದು ಸಾಧ್ಯವಾಯಿತು. ನಿಮ್ಮ ಶೆಡ್ಡಿನಲ್ಲಿ ಆ ಜಾಗದಲ್ಲಿ ನಿಲ್ಲುವುದು ಪಾರ್ಟ್ ನಂಬರ್.

ಒಂದು ಹಾಳೆಯಲ್ಲಿ ನಾಲ್ಕು ಅಂತಸ್ತು

ಒಂದು ಘಟಕವನ್ನು ಊಹಿಸಿಕೊಳ್ಳೋಣ. 25 ಜನ ಕೆಲಸಗಾರರು, ವರ್ಷಕ್ಕೆ 6 ಕೋಟಿ ರೂಪಾಯಿ ವಹಿವಾಟು. ಅದರಲ್ಲಿ 4 ಕೋಟಿಗೂ ಹೆಚ್ಚು ಒಂದೇ ವಾಹನ ಕಂಪನಿಯಿಂದ ಬರುತ್ತದೆ. ಮಾಲೀಕರು 40 ಲಕ್ಷದ ಮೂರನೇ ವಿಎಂಸಿ ಕೊಳ್ಳುವ ಯೋಚನೆಯಲ್ಲಿದ್ದಾರೆ. ಸಹಿಗೆ ಮುನ್ನ ಅವರು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಲಿ.

ಮೊದಲ ಸಾಲು ವ್ಯಾಪಾರದ ಗುರಿ. ‘ಬೆಳೆಯಬೇಕು’ ಎಂದರೆ ಗುರಿಯಾಗದು. ‘ಮೂರು ವರ್ಷದಲ್ಲಿ ವಹಿವಾಟಿನ ಮೂರನೇ ಒಂದು ಭಾಗ ವಿಮಾನದ ಬಿಡಿಭಾಗಗಳಿಂದ ಬರಬೇಕು, ಒಬ್ಬನೇ ಗಿರಾಕಿಯ ಮೇಲಿನ ಅವಲಂಬನೆ ಅರ್ಧಕ್ಕಿಳಿಯಬೇಕು’ ಎಂದರೆ ಅದು ಗುರಿ. ಅದರಲ್ಲಿ ಅವಧಿ ಇದೆ, ಅಳತೆ ಇದೆ.

ಎರಡನೇ ಸಾಲು ಮಾಹಿತಿ. ವಿಮಾನ ಕ್ಷೇತ್ರದ ಗಿರಾಕಿ ಏನು ಕೇಳುತ್ತಾನೆ? ಈ ಪಾರ್ಟು ಯಾವ ರಾಡಿನಿಂದ ಬಂತು, ಅದರ ಹೀಟ್ ನಂಬರ್ ಏನು, ಯಾವ ಯಂತ್ರದಲ್ಲಿ ಯಾರು ಮಾಡಿದರು, ಯಾವ ಅಳತೆ ಎಷ್ಟು ಬಂತು, ಡ್ರಾಯಿಂಗಿನ ಎಷ್ಟನೇ ತಿದ್ದುಪಡಿಯಂತೆ ಮಾಡಿದ್ದು? ಇವು ಇಂದು ಎಲ್ಲಿ ಬರೆದಿಟ್ಟಿವೆ ಎಂದು ನೋಡಿ. ಕಚ್ಚಾ ಮಾಲು ಸ್ಟೋರಿನ ಪುಸ್ತಕದಲ್ಲಿ, ಅಳತೆ ಇನ್‌ಸ್ಪೆಕ್ಟರ್ ಬಳಿಯ ಎಕ್ಸೆಲ್‌ನಲ್ಲಿ, ಬಿಲ್ಲು ಟ್ಯಾಲಿಯಲ್ಲಿ, ಡ್ರಾಯಿಂಗ್ ವಾಟ್ಸ್‌ಆ್ಯಪ್‌ನಲ್ಲಿ. ಒಂದೇ ಪಾರ್ಟಿಗೆ ನಾಲ್ಕು ಕಡೆ ನಾಲ್ಕು ಹೆಸರು. ಇಂಥ ಸ್ಥಿತಿಯಲ್ಲಿ ಇಆರ್‌ಪಿ ಹಾಕಿದರೆ ಗೊಂದಲ ಕಂಪ್ಯೂಟರ್ ಸೇರುತ್ತದೆ, ಅಷ್ಟೇ. ಮೊದಲು ಪಾರ್ಟ್ ನಂಬರ್‌ಗಳ ಒಂದೇ ಪಟ್ಟಿ ಮಾಡಿ, ಎಲ್ಲರೂ ಅದನ್ನೇ ಬಳಸುವಂತೆ ಮಾಡಬೇಕು. ಇದಕ್ಕೆ ಬೇಕಾದದ್ದು ಶ್ರದ್ಧೆ. ದೊಡ್ಡ ಹಣವೇನೂ ಬೇಡ.

ಮೂರನೇ ಸಾಲು ಸಾಫ್ಟ್‌ವೇರ್. ಆ ಮಾಹಿತಿ ಸರಾಗವಾಗಿ ಹರಿಯಲು ಎಷ್ಟು ಬೇಕೋ ಅಷ್ಟು. ಹೀಟ್ ಟ್ರೀಟ್‌ಮೆಂಟಿಗೋ ಪ್ಲೇಟಿಂಗಿಗೋ ಹೊರಗೆ ಕಳಿಸಿದ ಮಾಲನ್ನೇ ನೋಡಿ. ಜಿಎಸ್‌ಟಿ ನಿಯಮದಂತೆ ಜಾಬ್ ವರ್ಕ್‌ಗೆ ಚಲನ್ ಮೇಲೆ ಹೋದ ಕಚ್ಚಾ ಮಾಲು 1 ವರ್ಷದೊಳಗೆ ಲೆಕ್ಕಕ್ಕೆ ಮರಳಬೇಕು. ಯಾವ ಚಲನ್ ಬಾಕಿಯಿದೆ ಎಂಬುದು ಯಾರೋ ಒಬ್ಬರ ನೆನಪಿನಲ್ಲಿದ್ದರೆ ಅದು ಅಪಾಯ. ಅಲ್ಲಿ ಸಾಫ್ಟ್‌ವೇರ್ ನಿಜಕ್ಕೂ ಬೇಕು.

ನಾಲ್ಕನೇ ಸಾಲು ಯಂತ್ರೋಪಕರಣ. ಇರುವ ಎರಡು ವಿಎಂಸಿಗಳಲ್ಲಿ ಸ್ಪಿಂಡಲ್ ನಿಜವಾಗಿ ಎಷ್ಟು ಗಂಟೆ ಓಡಿತು, ನಿಂತದ್ದು ಏಕೆ ಎಂದು ಒಂದು ತಿಂಗಳು ಬರೆದಿಡಿ. ಸೆಟ್ಟಿಂಗ್‌ಗಾಗಿ, ಮಾಲಿಗಾಗಿ, ಮೊದಲ ಪೀಸಿನ ಇನ್‌ಸ್ಪೆಕ್ಷನ್‌ಗಾಗಿ ಯಂತ್ರ ಕಾಯುತ್ತಿದ್ದರೆ ಮೂರನೆಯದೂ ಪಕ್ಕದಲ್ಲಿ ನಿಂತು ಕಾಯುತ್ತದೆ. ಆಗ ಹಣ ಮೊದಲು ಹೋಗಬೇಕಾದದ್ದು ಅಳತೆಯ ಉಪಕರಣಕ್ಕೆ, ಎಎಸ್‌9100 ಗುಣಮಟ್ಟ ಪ್ರಮಾಣಪತ್ರದ ತಯಾರಿಗೆ. ಹೊಸ ಯಂತ್ರ ಆರ್ಡರ್ ಖಚಿತವಾದ ಮೇಲೆ ಬರಲಿ.

ಹಣವನ್ನು ಮೂರು ಪಾಲು ಮಾಡಿ

ತಂತ್ರಜ್ಞಾನದ ವೆಚ್ಚವೆಲ್ಲ ಒಂದೇ ಬಗೆಯದಲ್ಲ. ಮೊದಲ ಪಾಲು ಕಡ್ಡಾಯದ್ದು. 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದ ವಹಿವಾಟಿನ ಉದ್ಯಮಗಳು ಇ-ಇನ್‌ವಾಯ್ಸ್ ಮಾಡಲೇಬೇಕು. ನಮ್ಮ ಊಹೆಯ ಘಟಕವೂ ಇದರೊಳಗೆ ಬರುತ್ತದೆ. ಇಲ್ಲಿ ಲಾಭ ಲೆಕ್ಕ ಹಾಕುವ ಪ್ರಶ್ನೆಯಿಲ್ಲ, ಕಡಿಮೆ ಖರ್ಚಿನಲ್ಲಿ ಸರಿಯಾಗಿ ಮಾಡಿ ಮುಗಿಸುವುದು. ಡೇಟಾ ಬ್ಯಾಕಪ್ ಕೂಡ ಇದೇ ಪಾಲಿಗೆ ಸೇರಲಿ. ಎರಡನೇ ಪಾಲು ಗುರಿಗೆ ನೇರವಾಗಿ ದುಡಿಯುವಂಥದ್ದು. ಹೆಚ್ಚಿನ ಹಣ ಇಲ್ಲಿಗೇ. ಮೂರನೆಯದು ಪ್ರಯೋಗಕ್ಕೆ: ಒಂದು ಯಂತ್ರಕ್ಕೆ ಸೆನ್ಸರ್ ಹಾಕಿ ನೋಡುವಂಥದ್ದು. ಇದು ಚಿಕ್ಕದಾಗಿರಲಿ, ಇಷ್ಟು ದಿನ ಎಂಬ ಗಡುವಿರಲಿ, ಉಪಯೋಗ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಪ್ರತಿ ಖರ್ಚಿನ ಮುಂದೆ ಮೂರು ಸಂಗತಿ ಬರೆಯಿರಿ: ಇದು ಗುರಿಯ ಯಾವ ಸಾಲಿಗೆ ಸೇರುತ್ತದೆ, ಯಾವ ಅಂಕಿ ಎಷ್ಟು ಬದಲಾಗಬೇಕು, ಹೊಣೆ ಯಾರದು. ಬೆಲೆ ಕೂಡುವಾಗ ವಾರ್ಷಿಕ ನಿರ್ವಹಣೆ, ತರಬೇತಿ, ಪ್ರತಿ ಬಳಕೆದಾರನ ಲೈಸೆನ್ಸ್, ಹಳೆಯ ಮಾಹಿತಿ ತುಂಬಿಸುವ ಕೂಲಿ ಎಲ್ಲವನ್ನೂ ಐದು ವರ್ಷಕ್ಕೆ ಸೇರಿಸಿ. ಸಾಫ್ಟ್‌ವೇರ್ ಬಿಡಬೇಕಾದರೆ ನಮ್ಮ ಮಾಹಿತಿಯನ್ನು ಎಕ್ಸೆಲ್ ರೂಪದಲ್ಲಾದರೂ ಪೂರ್ತಿ ಕೊಡುವುದಾಗಿ ಕರಾರಿನಲ್ಲೇ ಬರೆಸಿಕೊಳ್ಳಿ.

ಜನರನ್ನು ಬಿಟ್ಟರೆ ಏನೂ ನಡೆಯದು. ಆಪರೇಟರ್, ಸ್ಟೋರ್‌ಕೀಪರ್, ಇನ್‌ಸ್ಪೆಕ್ಟರ್ ಮೂವರನ್ನೂ ಕೂರಿಸಿಕೊಂಡು ಹಾಳೆ ತುಂಬಿಸಬೇಕು. ಎಲ್ಲಿ ಹೊತ್ತು ಹಾಳಾಗುತ್ತದೆಂದು ಅವರಿಗೆ ಗೊತ್ತು. ಪರದೆಯ ಮೇಲೆ ಕನ್ನಡವಿದ್ದರೆ ಅವರು ತಾವೇ ಮಾಹಿತಿ ತುಂಬಿಸುತ್ತಾರೆ. ಹೊಸ ಕ್ರಮ ಕುದುರಿದ ದಿನ ಹಳೆಯ ಪುಸ್ತಕವನ್ನು ಮುಚ್ಚಬೇಕು. ಮೂರು ತಿಂಗಳಿಗೊಮ್ಮೆ ಹಾಳೆ ತೆಗೆದು ನೋಡಿ; ಗುರಿ ಬದಲಾಗಿದ್ದರೆ ಹಣದ ಪಾಲೂ ಬದಲಾಗಲಿ.

ನೆರವು ಹತ್ತಿರದಲ್ಲೇ ಇದೆ

1949ರಲ್ಲಿ ಹುಟ್ಟಿದ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ, ಅಂದರೆ ಕಾಸಿಯಾ, ವಿಜಯನಗರದಲ್ಲಿದೆ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲೇ ಇದೆ. ಯಂತ್ರೋಪಕರಣ ಸಂಶೋಧನೆಯ ಕೇಂದ್ರ ಸಂಸ್ಥೆ ಸಿಎಂಟಿಐ ಇರುವುದು ತುಮಕೂರು ರಸ್ತೆಯಲ್ಲಿ. ಉದ್ಯಮ್ ನೋಂದಣಿ ಇದ್ದರೆ ದೋಷರಹಿತ ತಯಾರಿಕೆಗೆ ಕೊಡುವ ಕೇಂದ್ರದ ಝೆಡ್ ಪ್ರಮಾಣಪತ್ರ ಯೋಜನೆಯಲ್ಲಿ ಶುಲ್ಕಕ್ಕೆ ಅತಿಸಣ್ಣ ಘಟಕಗಳಿಗೆ ಶೇ 80, ಸಣ್ಣ ಘಟಕಗಳಿಗೆ ಶೇ 60, ಮಧ್ಯಮ ಘಟಕಗಳಿಗೆ ಶೇ 50ರಷ್ಟು ರಿಯಾಯಿತಿಯುಂಟು. ಆದರೆ ಸಬ್ಸಿಡಿ ಇದೆಯೆಂಬ ಒಂದೇ ಕಾರಣಕ್ಕೆ ಏನನ್ನೂ ಕೊಳ್ಳಬೇಡಿ. ಹಾಳೆಯಲ್ಲಿಲ್ಲದ ಯಂತ್ರ ಅರ್ಧ ಬೆಲೆಗೆ ಬಂದರೂ ದುಬಾರಿಯೇ.

ಸಾಲ ಮಾಡಿ, ಮನೆ ಅಡವಿಟ್ಟು ಶೆಡ್ಡು ಕಟ್ಟಿದವರ ಒಂದೊಂದು ರೂಪಾಯಿಗೂ ಬೆಲೆಯಿದೆ. ತಪ್ಪು ಯಂತ್ರದ ಕಂತನ್ನು ಆ ಕುಟುಂಬ ವರ್ಷಗಟ್ಟಲೆ ಕಟ್ಟಬೇಕಾಗುತ್ತದೆ. ನಾಲ್ಕು ಸಾಲಿನ ಹಾಳೆ ಬರೆಯಲು ಒಂದು ಭಾನುವಾರ ಸಾಕು. ಈ ತಿಂಗಳೇ ಬರೆಯಿರಿ, ನಿಮ್ಮ ಕೆಲಸಗಾರರಿಗೂ ಓದಿ ಹೇಳಿ.